ಬಿಸಿಲ ಸೀಮೆಯಲ್ಲಿ ಕಾಕರ್ ಸ್ಪ್ಯಾನಿಯಲ್ ಸಾಕುವುದು ಹೇಗೆ

ಕಾಕರ್ ಸ್ಪ್ಯಾನಿಯಲ್ ಇಂಗ್ಲೆಂಡಿನ ತಂಪು ಹವೆಯಲ್ಲಿ ಬೆಳೆದ ನಾಯಿ ತಳಿ. ಪೊದೆಯೊಳಗೆ ನುಗ್ಗಿ, ಅಡಗಿ ಕೂತ ಹಕ್ಕಿಯನ್ನು ಎಬ್ಬಿಸಿ ಬೇಟೆಗಾರನ ಕಣ್ಣಿಗೆ ಬೀಳಿಸುವುದು ಅದರ ಮೂಲ ಕಸುಬು. ಜೋಲುಬಿದ್ದ ಕಿವಿ, ಎದೆ ಹೊಟ್ಟೆ ಕಾಲುಗಳ ಉದ್ದ ಕೂದಲು, ನೆಲ ಬಿಡದ ಮೂಗು ಎಲ್ಲವೂ ಆ ಕಸುಬಿಗೆ ಒಪ್ಪುವಂಥವು. ಅದೇ ಕಿವಿ, ಅದೇ ಕೂದಲು ಬಳ್ಳಾರಿ, ರಾಯಚೂರು, ಕೊಪ್ಪಳದ 40 ಡಿಗ್ರಿ ದಾಟುವ ಬಿಸಿಲಿಗೆ, ಕೆಂಧೂಳಿಗೆ, ಜಾಲಿ ಮುಳ್ಳಿಗೆ ಬಂದರೆ ತೊಂದರೆಯ ಮೂಲವಾಗುತ್ತವೆ. ಹಾಗಂತ ನಮ್ಮ ಕಡೆ ಸಾಕಲಾಗದ ನಾಯಿಯೇನಲ್ಲ. ದಿನಕ್ಕೆ ಇಪ್ಪತ್ತು ನಿಮಿಷ ಅದರ ಮೈಯೆಲ್ಲ ಕೈಯಾಡಿಸಿ ನೋಡುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು. ಅಷ್ಟು ಪುರುಸೊತ್ತು ಯಾರಿಗೂ ಇಲ್ಲದಿದ್ದರೆ ಗಿಡ್ಡ ಕೂದಲಿನ ನಾಡನಾಯಿ ಮರಿಯನ್ನು ತರುವುದೇ ಒಳ್ಳೆಯದು. ಅದು ಈ ಬಿಸಿಲಿಗೆ ಹುಟ್ಟಿದ್ದು.

ಮಾರುವವರು ಬರೀ ‘ಕಾಕರ್’ ಎನ್ನುತ್ತಾರೆ, ಆದರೆ ತಳಿ ಎರಡು. ಇಂಗ್ಲಿಷ್ ಕಾಕರ್ ತುಸು ಎತ್ತರ, ಮೂತಿ ಉದ್ದ, ತೂಕ 13ರಿಂದ 14.5 ಕಿಲೋ. ಅಮೆರಿಕನ್ ಕಾಕರ್ ಇನ್ನೂ ಗಿಡ್ಡ, ತಲೆ ಗುಂಡಗೆ, ಮೂತಿ ಮೊಂಡು, ಕೂದಲು ಬಹಳ ದಟ್ಟ. ಅಮೆರಿಕದ ಕೆನಲ್ ಕ್ಲಬ್ 1946ರಲ್ಲಿ ಇವನ್ನು ಬೇರೆ ಬೇರೆ ತಳಿಗಳೆಂದು ಒಪ್ಪಿಕೊಂಡಿತು. ನಮ್ಮ ಸೀಮೆಗೆ ಇಂಗ್ಲಿಷ್ ಕಾಕರ್ ವಾಸಿ: ಕೂದಲು ಕಡಿಮೆ, ಉಸಿರಾಟ ಸಲೀಸು.

ಸ್ವಭಾವ

ಮನೆಯವರ ಹಿಂದೆ ಹಿಂದೆಯೇ ಸುತ್ತುವ, ಬಾಲದ ಜೊತೆ ಅರ್ಧ ಮೈಯನ್ನೂ ಅಲ್ಲಾಡಿಸುವ ನಾಯಿ ಇದು. ಮಕ್ಕಳೊಂದಿಗೆ ಹೊಂದಿಕೊಳ್ಳುತ್ತದೆ, ಬೇಗ ಕಲಿಯುತ್ತದೆ. ಕಾವಲಿಗೆಂದು ತರುವವರಿಗೆ ಮಾತ್ರ ನಿರಾಸೆ ಆಗುತ್ತದೆ; ಬೊಗಳಿ ಸುದ್ದಿ ಮುಟ್ಟಿಸುತ್ತದೆ, ಅಷ್ಟೇ. ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದರೆ ಎರಡೇ ತಿಂಗಳಲ್ಲಿ ದಿನವಿಡೀ ಬೊಗಳುವ, ಸ್ವಂತ ಪಾದ ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಳ್ಳುವ ನಾಯಿ ಆಗಬಹುದು.

ಗದರಿಕೆ ಇದಕ್ಕೆ ಆಗಿಬರುವುದಿಲ್ಲ. ದನಿ ಏರಿಸಿದರೆ ಕೆಲವು ಕಾಕರ್‌ಗಳು ನಿಂತಲ್ಲೇ ಉಚ್ಚೆ ಹೊಯ್ಯುತ್ತವೆ. ಅದು ಮೊಂಡಾಟವಲ್ಲ, ಅಂಜಿಕೆ. ಆಗ ಬೈದರೆ ಇನ್ನೂ ಹೆಚ್ಚುತ್ತದೆ. ಮಾತಾಡದೆ ಒರೆಸಿ, ಮುಂದಿನ ಸಲ ಮನೆಗೆ ಬಂದಾಗ ಅದರ ಮೇಲೆ ಬಗ್ಗದೆ, ಕಣ್ಣಿಟ್ಟು ನೋಡದೆ, ಪಕ್ಕಕ್ಕೆ ತಿರುಗಿ ಕುಳಿತು ಅದೇ ಹತ್ತಿರ ಬರಲಿ ಎಂದು ಕಾಯಿರಿ.

ತಟ್ಟೆ, ಚೆಂಡು, ಕದ್ದ ಚಪ್ಪಲಿಯನ್ನು ಕಾಯುತ್ತ ಗುರ್ ಎನ್ನುವ ಚಾಳಿ ಈ ತಳಿಯಲ್ಲಿ ಕೆಲವಕ್ಕೆ ಇದೆ. ಎಷ್ಟೋ ಮನೆಗಳಲ್ಲಿ ‘ಯಜಮಾನ ಯಾರು ತೋರಿಸಬೇಕು’ ಎಂದು ತಿನ್ನುವ ತಟ್ಟೆಯನ್ನು ಕಸಿಯುತ್ತಾರೆ. ಕಡಿತ ಶುರುವಾಗುವುದೇ ಅಲ್ಲಿಂದ. ಮರಿ ಇದ್ದಾಗಿನಿಂದ ತದ್ವಿರುದ್ಧ ಮಾಡಿ: ಅದು ತಿನ್ನುತ್ತಿರುವಾಗ ಹತ್ತಿರ ಹೋಗಿ ತಟ್ಟೆಗೆ ಒಂದು ಚೂರು ಕೋಳಿ ಹಾಕಿ, ಸರಿದು ಬನ್ನಿ. ಕೈ ಬಂದರೆ ಲಾಭವೆಂದು ಅದಕ್ಕೆ ತಿಳಿಯಬೇಕು. ಬಾಯಲ್ಲಿರುವುದನ್ನು ಬಿಡಿಸಲೂ ಹಾಗೆಯೇ, ಇನ್ನೂ ರುಚಿಯಾದದ್ದನ್ನು ತೋರಿಸಿ ‘ಬಿಡು’ ಅನ್ನಿ. ಅದು ತಿನ್ನುವಾಗ ಚಿಕ್ಕ ಮಕ್ಕಳು ದೂರವಿರಲಿ.

ಮಾತು ಕಲಿಸುವಾಗ ಮನೆಯವರೆಲ್ಲ ಒಂದೇ ಪದ ಬಳಸಿ. ಅಜ್ಜಿ ‘ಕುಂದ್ರು’ ಎಂದು, ಮಗ ‘ಸಿಟ್’ ಎಂದು, ಸೊಸೆ ‘ಕೂತ್ಕೋ’ ಎಂದರೆ ಮರಿ ಯಾವುದನ್ನೂ ಕಲಿಯುವುದಿಲ್ಲ. ಎಲ್ಲಕ್ಕಿಂತ ಮೊದಲು ‘ಬಾ’ ಗಟ್ಟಿಯಾಗಲಿ. ಮೂಗಿಗೆ ವಾಸನೆ ಹತ್ತಿದರೆ ಕಾಕರ್‌ನ ಕಿವಿ ಕೇಳಿಸುವುದಿಲ್ಲ. ಕುರುಚಲು ಕಾಡಿನಲ್ಲಿ ಗೌಜಲಹಕ್ಕಿ ಎದ್ದರೆ ಮುಗಿಯಿತು, ಅದರ ಹಿಂದೆ ಓಟ. ಬಯಲಿನಲ್ಲಿ 8–10 ಮೀಟರ್ ಉದ್ದದ ಹಗ್ಗ ಇಲ್ಲದೆ ಬಿಡಬೇಡಿ.

ಕಿವಿ

ಕಾಕರ್‌ಗೆ ಪದೇ ಪದೇ ಕಾಡುವ ಕಾಯಿಲೆ ಕಿವಿಯದು. ಕಿವಿಯ ನಾಳ ಮೊದಲು ನೇರ ಕೆಳಗಿಳಿದು ಆಮೇಲೆ ಒಳಕ್ಕೆ ತಿರುಗುತ್ತದೆ. ಈ ತಳಿಯಲ್ಲಿ ನಾಳದೊಳಗೂ ಕೂದಲು, ಮೇಣ ಸುರಿಸುವ ಗ್ರಂಥಿಗಳೂ ಹೆಚ್ಚು. ಮೇಲೆ ದಪ್ಪ ಕಿವಿ ಮುಚ್ಚಳದ ಹಾಗೆ ಕೂತಿರುತ್ತದೆ. ಗಾಳಿ ಆಡುವುದಿಲ್ಲ, ತೇವ ಆರುವುದಿಲ್ಲ. ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಧೂಳೂ ಸೇರಿದರೆ ಮೇಣ ಕೆಸರಾಗಿ, ಬೂಸ್ಟು, ಬ್ಯಾಕ್ಟೀರಿಯಾ ಎರಡೂ ಬೆಳೆಯುತ್ತವೆ.

ದಿನಾ ಮಾಡಬೇಕಾದದ್ದು ಒಂದೇ: ಕಿವಿ ಎತ್ತಿ ನೋಡಿ, ಮೂಸಿ. ಒಳಗೆ ತೆಳು ಗುಲಾಬಿ ಬಣ್ಣ, ವಾಸನೆ ಇಲ್ಲ ಎಂದರೆ ಚೆನ್ನಾಗಿದೆ. ಹುಳಿ ವಾಸನೆ, ಕಂದು ಜಿಡ್ಡು ಇದ್ದರೆ ಬಹುಶಃ ಬೂಸ್ಟು. ಹಳದಿ ಕೀವು, ಕೆಟ್ಟ ನಾತ ಇದ್ದರೆ ಬ್ಯಾಕ್ಟೀರಿಯಾ. ಕಾಫಿ ಪುಡಿಯಂಥ ಕಪ್ಪು ಕಸ ಇದ್ದರೆ ನುಸಿ ಇರಬಹುದು. ಖಚಿತವಾಗಿ ತಿಳಿಯಲು ಡಾಕ್ಟರು ಸ್ವಲ್ಪ ಮೇಣ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಔಷಧದಂಗಡಿಯಲ್ಲಿ ಕೇಳಿ ಯಾವುದೋ ಡ್ರಾಪ್ಸ್ ತರುವುದು ಬೇಡ, ಬೂಸ್ಟಿನ ಔಷಧಿಯೇ ಬೇರೆ, ಬ್ಯಾಕ್ಟೀರಿಯಾದ್ದೇ ಬೇರೆ.

ವಾರಕ್ಕೊಮ್ಮೆ, ಮತ್ತು ಸ್ನಾನ ಆದಾಗಲೆಲ್ಲ, ತೊಳೆಯಿರಿ. ನಾಯಿಗಳಿಗೆಂದೇ ಇರುವ ಇಯರ್ ಕ್ಲೀನರ್ ಬೇಕು. ನಾಯಿಯನ್ನು ಗೋಡೆಯ ಮೂಲೆಗೆ ಹಿಂಬದಿ ಮಾಡಿ ಕೂರಿಸಿ, ಹಿಂದೆ ಸರಿಯಲು ಜಾಗ ಇರಬಾರದು. ಕಿವಿಯನ್ನು ನೆತ್ತಿಯ ಕಡೆಗೆ ನೇರ ಮೇಲಕ್ಕೆ ಹಿಡಿಯಿರಿ, ಆಗ ನಾಳ ಸ್ವಲ್ಪ ನೆಟ್ಟಗಾಗುತ್ತದೆ. ದ್ರವ ನಾಳದ ಬಾಯಿವರೆಗೆ ತುಂಬಿ ನಿಲ್ಲಬೇಕು. ನಾಲ್ಕು ಹನಿ ಹಾಕಿದರೆ ತಿರುವಿನವರೆಗೆ ಹೋಗುವುದಿಲ್ಲ. ಬಾಟಲಿಯ ತುದಿ ಕಿವಿಗೆ ತಾಗಬಾರದು. ಕಿವಿಯ ಬುಡದಲ್ಲಿ, ದವಡೆಯ ಮೇಲೆ, ಬೆರಳಿಗೆ ಗಟ್ಟಿ ಕೊಳವೆಯಂತೆ ಸಿಗುವ ಜಾಗವನ್ನು 20–30 ಸೆಕೆಂಡು ಹಿಸುಕಿ. ಪಚಪಚ ಸದ್ದು ಬಂದರೆ ದ್ರವ ಒಳಗೆ ಇಳಿದಿದೆ. ಕೈಬಿಟ್ಟು ತಲೆ ಕೊಡವಲು ಬಿಡಿ, ಕಸ ಮೇಲೆ ಬರುವುದು ಆಗಲೇ. ಆಮೇಲೆ ಬೆರಳಿಗೆ ಹತ್ತಿ ಸುತ್ತಿ, ಬೆರಳು ಹೋಗುವಷ್ಟೇ ಒಳಗೆ ಒರೆಸಿ. ಇಯರ್ ಬಡ್ ಬೇಡ. ಅದು ಮೇಣವನ್ನು ತಿರುವಿನಾಚೆಗೆ ದಬ್ಬುತ್ತದೆ.

ಬೆಚ್ಚಗಿನ ಕೊಬ್ಬರಿ ಎಣ್ಣೆ ಬಿಡುವ ರೂಢಿ ಎಷ್ಟೋ ಮನೆಗಳಲ್ಲಿದೆ. ಎಣ್ಣೆಗೆ ಧೂಳು ಅಂಟುತ್ತದೆ, ತೇವ ಅಲ್ಲೇ ಉಳಿಯುತ್ತದೆ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಕೂಡ ಬೇಡ, ಒಳಚರ್ಮ ಉರಿಯುತ್ತದೆ. ಮುಟ್ಟಿದರೆ ಕುಂಯ್ ಎನ್ನುವ, ತಲೆ ಒಂದು ಕಡೆ ವಾಲಿಸುವ ನಾಯಿಯ ಕಿವಿಗೆ ಏನನ್ನೂ ಹಾಕದೆ ಡಾಕ್ಟರಿಗೆ ತೋರಿಸಿ. ಕಿವಿಯ ತಮಟೆ ಹರಿದಿದ್ದರೆ ಕ್ಲೀನರೇ ಒಳಕಿವಿಗೆ ಹಾನಿ ಮಾಡಬಹುದು. ಜೋರಾಗಿ ಕೊಡವಿ ಕೊಡವಿ ಕಿವಿಯೊಳಗಿನ ರಕ್ತನಾಳ ಒಡೆದು ಕಿವಿ ಚೀಲದಂತೆ ಊದುವುದೂ ಉಂಟು. ಸೂಜಿ ಚುಚ್ಚಿ ರಕ್ತ ತೆಗೆಯಲು ಹೋಗಬೇಡಿ.

ಔಷಧಿ ಹಾಕಿ ನಾಲ್ಕು ದಿನಕ್ಕೆ ನಾತ ನಿಂತಿತೆಂದು ಬಿಟ್ಟರೆ ತಿಂಗಳೊಳಗೆ ಮರಳುತ್ತದೆ. ಹೇಳಿದಷ್ಟು ದಿನ ಪೂರ್ತಿ ಹಾಕಿ. ವರ್ಷಕ್ಕೆ ಮೂರು ನಾಲ್ಕು ಸಲ ಮರುಕಳಿಸಿದರೆ ಕಿವಿಯ ಹಿಂದೆ ಬೇರೆ ಕಾರಣ ಇರುತ್ತದೆ, ಹೆಚ್ಚಾಗಿ ಅಲರ್ಜಿ. ಅದಕ್ಕೆ ಚಿಕಿತ್ಸೆ ಕೇಳಿ.

ಉಣ್ಣುವಾಗ ಕಿವಿ ತಟ್ಟೆಗೆ ಬೀಳುತ್ತದೆ. ಅಗಲ ತಟ್ಟೆಯ ಬದಲು ಬಾಯಿ ಕಿರಿದಾದ, ಆಳವಾದ ಪಾತ್ರೆ ಇಡಿ. ಮೂತಿ ಒಳಗೆ, ಕಿವಿ ಹೊರಗೆ. ಉಂಡ ಮೇಲೆ ಕೆಳತುಟಿಯ ಮಡಿಕೆ ಬಿಡಿಸಿ ನೋಡಿ: ಕೋರೆಹಲ್ಲಿನ ಹಿಂದೆ ಚರ್ಮ ಮಡಚಿ ಒಂದು ಸಣ್ಣ ಕಿಸೆಯಾಗಿರುತ್ತದೆ, ಅಲ್ಲಿ ಜೊಲ್ಲು, ಅನ್ನದ ಅಗುಳು ಸಿಕ್ಕಿ ಕೊಳೆಯುತ್ತವೆ. ‘ನಾಯಿ ಬಾಯಿ ನಾರುತ್ತದೆ’ ಎನ್ನುವವರಲ್ಲಿ ಎಷ್ಟೋ ಜನ ಹಲ್ಲನ್ನಷ್ಟೇ ನೋಡಿ ಈ ಮಡಿಕೆಯನ್ನು ಮರೆತಿರುತ್ತಾರೆ. ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಆರಿಸಿ.

ಬೇಸಿಗೆ

ಮಾರ್ಚ್‌ನಿಂದ ಜೂನ್ ಮೊದಲ ಮಳೆಯವರೆಗೆ ದಿನಚರಿ ಬದಲಾಗಲೇಬೇಕು. ವಾಕಿಂಗ್ ಬೆಳಿಗ್ಗೆ 6:30ರೊಳಗೆ ಮುಗಿಯಲಿ, ಸಂಜೆಯದ್ದು 8ರ ನಂತರ. ಸಂಜೆ 6ಕ್ಕೆ ಸೂರ್ಯ ಇಳಿದರೂ ಡಾಂಬರಿನ ಕಾವು ಇಳಿದಿರುವುದಿಲ್ಲ. ಅಂಗೈ ಹಿಂಬದಿಯನ್ನು ರಸ್ತೆಗೆ ಒತ್ತಿ ಏಳು ಸೆಕೆಂಡು ಇಡಲಾಗದಿದ್ದರೆ ಅದರ ಪಾದವೂ ಸುಡುತ್ತದೆ.

ಹಗಲು ಮನೆಯೊಳಗೆ ಕಡಪ ಅಥವಾ ಶಹಾಬಾದ್ ಕಲ್ಲಿನ ನೆಲ, ಮೇಲೆ ಫ್ಯಾನು. ಪತ್ರಾಸಿನ ಮನೆಯಲ್ಲಿ ಮಧ್ಯಾಹ್ನ ಇದನ್ನು ಇಡಲೇಬೇಡಿ. ನಮ್ಮ ಒಣ ಹವೆಗೆ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಎದುರಿನ ಕಿಟಕಿ ತೆರೆದಿರಬೇಕು; ಮುಚ್ಚಿದರೆ ಕೋಣೆ ಹಬೆಗೂಡಾಗುತ್ತದೆ. ತಂಪಿನ ದಿನಗಳಲ್ಲಿ 13 ಕಿಲೋ ನಾಯಿಗೆ ದಿನಕ್ಕೆ 700–800 ಮಿಲಿ ನೀರು ಸಾಕು, ಬೇಸಿಗೆಯಲ್ಲಿ ಅದರ ಎರಡರಷ್ಟು ಇಡಿ, ಎರಡು ಕಡೆ ಇಡಿ. ಹೊರಗೆ ಆಡಲಾಗದ ಹೊತ್ತಿನಲ್ಲಿ ಮೂಗಿಗೆ ಕೆಲಸ ಕೊಡಿ: ರೊಟ್ಟಿಯ ಚೂರುಗಳನ್ನು ಹಳೆ ಟವೆಲ್‌ನಲ್ಲಿ ಸುರುಳಿ ಸುತ್ತಿ, ಬಾಗಿಲ ಸಂದಿಯಲ್ಲಿ, ಮಂಚದ ಕೆಳಗೆ ಅಡಗಿಸಿ ಹುಡುಕಲು ಬಿಡಿ. ಹದಿನೈದು ನಿಮಿಷದ ಈ ಆಟ ಅದನ್ನು ಚೆನ್ನಾಗಿ ದಣಿಸುತ್ತದೆ.

ನಾಯಿಯ ಸಹಜ ಮೈಬಿಸಿ 101ರಿಂದ 102.5 ಫ್ಯಾರನ್‌ಹೀಟ್. ನಾಲಗೆ ಅಗಲವಾಗಿ ಹೊರಬಿದ್ದು ಕಡುಗೆಂಪಾಗುವುದು, ಜೊಲ್ಲು ದಪ್ಪವಾಗುವುದು, ತೂರಾಡುವುದು, ವಾಂತಿ ಎಲ್ಲ ಬಿಸಿಲ ಹೊಡೆತದ ಗುರುತು. 106 ದಾಟಿದರೆ ಜೀವಕ್ಕೇ ಅಪಾಯ. ಮೊದಲು ತಂಪು ಮಾಡಿ, ಆಮೇಲೆ ಗಾಡಿ ಹತ್ತಿಸಿ. ಹೊಟ್ಟೆ, ತೊಡೆಸಂದು, ಪಾದಗಳಿಗೆ ನೀರು ಸುರಿಯುತ್ತ ಫ್ಯಾನು ಬೀಸಿ. ನೀರು ಸುರಿಯುವ ಮುನ್ನ ಕೈಯಿಟ್ಟು ನೋಡಿ: ಮಾಳಿಗೆಯ ಮೇಲಿನ ಸಿಂಟೆಕ್ಸ್ ನೀರು ಮಧ್ಯಾಹ್ನ ಕಾದಿರುತ್ತದೆ, ಅದನ್ನು ಸುರಿದರೆ ಕೆಡುಕೇ. ಕೊಡದ ನೀರು, ಇಲ್ಲವೇ ನೆಲದ ತೊಟ್ಟಿಯ ನೀರು ಬಳಸಿ. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಬಿಸಿ ಒಳಗೇ ಕೂಡುತ್ತದೆ. ಬಾಯಿಗೆ ಬಲವಂತದಿಂದ ನೀರು ಹಾಕಬೇಡಿ. 103ಕ್ಕೆ ಇಳಿದಾಗ ನೀರು ಸುರಿಯುವುದನ್ನು ನಿಲ್ಲಿಸಿ. ಎದ್ದು ಓಡಾಡಿದರೂ ಅಂದೇ ಪಶು ಆಸ್ಪತ್ರೆಗೆ ಹೋಗಿ, ಮೂತ್ರಪಿಂಡದ ಪೆಟ್ಟು ಮರುದಿನ, ಅದರ ಮರುದಿನ ಗೊತ್ತಾಗುತ್ತದೆ.

ಕೂದಲು

‘ಬೇಸಿಗೆಗೆ ಬೋಳಿಸಿಬಿಡಿ’ ಎನ್ನುವವರ ಮಾತು ಕೇಳಬೇಡಿ. ಚರ್ಮದವರೆಗೆ ಬೋಳಿಸಿದರೆ ಬಿಸಿಲು ನೇರ ಮೈ ಸುಡುತ್ತದೆ, ಕೂದಲು ಮತ್ತೆ ಬಂದರೂ ಹತ್ತಿಯಂತೆ ಮೆತ್ತಗಾಗಿ ಗಂಟು ಹೆಚ್ಚುತ್ತದೆ. ಬೆನ್ನಿನ ಕೂದಲು ಒಂದರಿಂದ ಒಂದೂವರೆ ಸೆಂಟಿಮೀಟರ್ ಉಳಿಯಲಿ. ಗಿಡ್ಡ ಮಾಡಬೇಕಾದದ್ದು ಹೊಟ್ಟೆಯಡಿ, ತೊಡೆಸಂದು, ಪಾದದ ಮೆತ್ತೆಗಳ ನಡುವೆ, ಮತ್ತು ಕಿವಿಯ ಮೇಲಿನ ಮೂರನೇ ಒಂದು ಭಾಗ, ಒಳಗೂ ಹೊರಗೂ. ಆರರಿಂದ ಎಂಟು ವಾರಕ್ಕೊಮ್ಮೆ ಮಾಡಿದರೆ ಸಾಕು. ಕತ್ತರಿ ತುದಿ ಮೊಂಡಾಗಿರಲಿ. ಕಿವಿಯ ಅಂಚಿನ ತೆಳು ಚರ್ಮ ಕೂದಲ ನಡುವೆ ಕಾಣುವುದಿಲ್ಲ, ಕತ್ತರಿಸಿಹೋಗುತ್ತದೆ.

ದಿನ ಬಿಟ್ಟು ದಿನ ಬಾಚಿ. ಮೊದಲು ಸ್ಲಿಕರ್ ಬ್ರಷ್ (ಸಣ್ಣ ತಂತಿಹಲ್ಲಿನ ಬ್ರಷ್), ಆಮೇಲೆ ಉಕ್ಕಿನ ಬಾಚಣಿಗೆ, ಹಲ್ಲು ಚರ್ಮ ಮುಟ್ಟಬೇಕು. ಗಂಟು ಕಟ್ಟುವ ಜಾಗ ಕಿವಿಯ ಹಿಂದೆ, ಕಂಕುಳು, ಹಿಂಗಾಲ ಒಳಬದಿ. ಗಂಟು ಬಿಡಿಸದೆ ನೀರು ಹಾಕಿದರೆ ಅದು ಬಿಗಿದು ಉಂಡೆಯಾಗುತ್ತದೆ. ಕೆಂಧೂಳು ಕೂತಿದ್ದರೂ ಅಷ್ಟೇ, ಒಣಗಿದಂತೆಯೇ ಬಾಚಿ ಉದುರಿಸಿ ಆಮೇಲೆ ನೆನೆಸಿ. ಮೂರು ನಾಲ್ಕು ವಾರಕ್ಕೊಂದು ಸ್ನಾನ, ನಾಯಿಯ ಶಾಂಪೂ. ಬೋರಿನ ಗಡಸು ನೀರಿನಲ್ಲಿ ಶಾಂಪೂ ಪೂರ್ತಿ ಬಿಡುವುದಿಲ್ಲ, ಆ ಜಿಡ್ಡೇ ಆಮೇಲೆ ಕೆರೆತ. ಕೊನೆಯ ಜಾಲಿಕೆಗೆ ಕುಡಿಯುವ ನೀರಿನ ಘಟಕದ ಕ್ಯಾನಿನಿಂದ ಅರ್ಧದಷ್ಟು ಬಳಸಿ. ಬುಡದವರೆಗೆ ಒಣಗಿಸಿ.

ವಾಕಿಂಗ್‌ನಿಂದ ಬಂದ ಕೂಡಲೇ ಪಾದ ಎತ್ತಿ ನೋಡುವುದು ತಪ್ಪಬಾರದು. ನೆಗ್ಗಿನಮುಳ್ಳು ಪಾದದ ಮೆತ್ತೆಗಳ ನಡುವೆ ಸಿಕ್ಕಿರುತ್ತದೆ, ಉತ್ತರಾಣಿ ಕಾಳು ಕಾಲಕೂದಲಿಗೆ ಸಾಲಾಗಿ ಅಂಟಿರುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ಕೆಟ್ಟದ್ದು, ತುದಿ ಒಳಗೇ ಮುರಿಯುತ್ತದೆ. ಚಿಮಟದಿಂದ ಹೊಕ್ಕ ದಿಕ್ಕಿನಲ್ಲೇ ನೇರ ಎಳೆದು ಪೊವಿಡೋನ್ ಅಯೋಡಿನ್ ಹಚ್ಚಿ; ಎರಡು ದಿನದ ಮೇಲೂ ಕುಂಟಿದರೆ ತುದಿ ಉಳಿದಿದೆ ಎಂದೇ ತಿಳಿಯಿರಿ. ಒಣಹುಲ್ಲಿನ ಊಬು ಇನ್ನೊಂದು ಕಾಟ. ವಾಕಿಂಗ್ ಆದ ಮೇಲೆ ಇದ್ದಕ್ಕಿದ್ದಂತೆ ಒಂದೇ ಕಿವಿ ಕೊಡವತೊಡಗಿದರೆ ಊಬು ಒಳಗೆ ಹೊಕ್ಕಿರಬಹುದು. ಅದು ಮುಂದಕ್ಕಷ್ಟೇ ಸರಿಯುತ್ತದೆ, ಹಿಂದಕ್ಕೆ ಬರುವುದಿಲ್ಲ. ಅದೇ ದಿನ ತೆಗೆಸಿ.

ಉಣ್ಣಿ

ಉಣ್ಣಿ ಬರೀ ಕೆರೆತದ ವಿಷಯವಲ್ಲ. ನಾಯಿಯ ಕಂದು ಉಣ್ಣಿ ಎರ್ಲಿಕಿಯಾ, ಬೆಬೀಸಿಯಾ ಎಂಬ ರೋಗಾಣುಗಳನ್ನು ರಕ್ತಕ್ಕೆ ಸೇರಿಸುತ್ತದೆ. ಕಾಕರ್‌ನಲ್ಲಿ ಅದು ಕೂರುವುದು ಕಿವಿಯ ಒಳಮಡಿಕೆಯಲ್ಲಿ, ಬೆರಳುಗಳ ನಡುವೆ, ಬಾಲದ ಬುಡದಲ್ಲಿ; ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ. ಚರ್ಮಕ್ಕೆ ಹತ್ತಿರ ಚಿಮಟದಿಂದ ಹಿಡಿದು ಮೆಲ್ಲಗೆ ನೇರ ಎಳೆಯಿರಿ. ಸುಡುವುದು, ಸೀಮೆಎಣ್ಣೆ ಹಾಕುವುದು, ಬೆರಳಲ್ಲಿ ಹಿಸುಕುವುದು ಬೇಡ.

ಡಾಕ್ಟರು ತೂಕ ನೋಡಿ ಕೊಡುವ ಮಾತ್ರೆಗಳಿವೆ. ಅಫೊಕ್ಸೊಲಾನರ್ ತಿಂಗಳಿಗೊಂದು, ಫ್ಲೂರಲಾನರ್ ಹನ್ನೆರಡು ವಾರಕ್ಕೊಂದು. ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಮುಂಚೆಯೇ ಹೇಳಿ. ಉಣ್ಣಿ ಮೊಟ್ಟೆಯಿಡುವುದು ಗೋಡೆಯ ಬಿರುಕಿನಲ್ಲಿ, ಮಂಚದ ಸಂದಿಯಲ್ಲಿ. ನಾಯಿಗಷ್ಟೇ ಔಷಧಿ ಹಾಕಿ ಗೋಡೆ ಬಿಟ್ಟರೆ ಕಾಟ ಮುಗಿಯುವುದಿಲ್ಲ. ಬಿರುಕಿಗೆ ಸಿಮೆಂಟು ತುಂಬಿ, ಮಲಗುವ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ.

ಹತ್ತಿಗೆ, ಮೆಣಸಿನಕಾಯಿಗೆ ಹೊಡೆಯುವ ಎಣ್ಣೆಯನ್ನು (ಕೀಟನಾಶಕವನ್ನು) ನೀರಿಗೆ ಬೆರೆಸಿ ನಾಯಿಗೆ ಹಚ್ಚುವುದನ್ನು ದಯವಿಟ್ಟು ಮಾಡಬೇಡಿ. ಉಣ್ಣಿಯ ಜೊತೆ ನಾಯಿಯೂ ಸಾಯುತ್ತದೆ. ಎಣ್ಣೆ ಹೊಡೆದ ಹೊಲದಲ್ಲಿ ಓಡಾಡಿ ಬಂದು ಪಾದ ನೆಕ್ಕಿದರೂ ವಿಷವೇರುತ್ತದೆ: ಜೊಲ್ಲು ಸುರಿಯುವುದು, ಮೈ ನಡುಗುವುದು, ಕಣ್ಣಿನ ಪಾಪೆ ಚುಕ್ಕಿಯಷ್ಟಾಗುವುದು. ಎಣ್ಣೆಯ ಡಬ್ಬಿಯನ್ನೂ ಹಿಡಿದುಕೊಂಡು ಕೂಡಲೇ ಓಡಿ, ಹೆಸರು ಗೊತ್ತಾದರೆ ಔಷಧಿ ಬೇಗ ಸಿಗುತ್ತದೆ. ಸಿಂಧನೂರು, ಗಂಗಾವತಿ ಕಡೆಯ ಭತ್ತದ ಗದ್ದೆಯ ನೀರಿಗೂ ಈ ಭಯವಿದೆ. ತುಂಗಭದ್ರಾ ಕಾಲುವೆಗೂ ಬಿಡಬೇಡಿ. ಕಾಕರ್ ಚೆನ್ನಾಗಿ ಈಜುತ್ತದೆ ನಿಜ, ಆದರೆ ಸೆಳೆತದ ಜೊತೆ ಸಿಮೆಂಟಿನ ಇಳಿಜಾರು ದಂಡೆ ಹತ್ತಲು ಅದರ ಉಗುರಿಗೆ ಹಿಡಿತ ಸಿಗುವುದಿಲ್ಲ.

ವಾರಕ್ಕೊಮ್ಮೆ ತುಟಿ ಎತ್ತಿ ವಸಡು ನೋಡುವ ರೂಢಿ ಇರಲಿ. ಬಿಳಿಚಿಕೊಂಡಿದ್ದರೆ, ಮೂಗಿನಿಂದ ರಕ್ತ ಬಂದರೆ, ಜ್ವರ ಬಂದು ಉಣ್ಣದಿದ್ದರೆ ರಕ್ತಪರೀಕ್ಷೆ ಮಾಡಿಸಿ. ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ಐದನೇ ದಿನಕ್ಕೆ ಚೇತರಿಸಿದರೂ ಮಾತ್ರೆ ನಿಲ್ಲಿಸಬೇಡಿ.

ಊಟ

ಹಸಿದ ಮುಖ ಮಾಡುವುದರಲ್ಲಿ ಕಾಕರ್‌ಗೆ ಸಾಟಿಯಿಲ್ಲ, ಬೊಜ್ಜೂ ಬೇಗ ಬರುತ್ತದೆ. 13 ಕಿಲೋದ ಬೆಳೆದ ನಾಯಿಗೆ ದಿನಕ್ಕೆ ಸುಮಾರು 650–750 ಕ್ಯಾಲೊರಿ ಬೇಕು. ಒಣ ಆಹಾರವಾದರೆ ಹತ್ತಿರ ಹತ್ತಿರ 200 ಗ್ರಾಂ, ಎರಡು ಹೊತ್ತಿಗೆ. ಮನೆ ಊಟವಾದರೆ ಬೇಯಿಸಿದ ಮೂಳೆಯಿಲ್ಲದ ಕೋಳಿ 200 ಗ್ರಾಂ, ಅನ್ನ 200 ಗ್ರಾಂ, ಬೆಂದ ಕುಂಬಳ ಅಥವಾ ಗಜ್ಜರಿ 80 ಗ್ರಾಂ, ಒಂದು ಚಹಾ ಚಮಚ ಎಣ್ಣೆ. ಇದರಲ್ಲಿ ಸುಣ್ಣದಂಶ ಸಾಲದು. ಮೊಟ್ಟೆಚಿಪ್ಪನ್ನು ಕುದಿಸಿ, ಒಣಗಿಸಿ, ನುಣ್ಣಗೆ ಪುಡಿಮಾಡಿ ಅರ್ಧ ಚಹಾ ಚಮಚದೊಳಗೆ ಬೆರೆಸಿ. ಉಳಿದ ಖನಿಜ, ವಿಟಮಿನ್‌ಗೆ ಡಾಕ್ಟರ ಸಲಹೆ ಬೇಕು. ಅನ್ನದ ಬದಲು ಒಮ್ಮೊಮ್ಮೆ ಜೋಳದ ರೊಟ್ಟಿ ಆಗುತ್ತದೆ. ಸಾರು ಕಲಸಿ ಹಾಕುವುದು ಬೇಡ, ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಯ ರಕ್ತಕಣಗಳನ್ನೇ ಒಡೆಯುತ್ತವೆ. ಬೆಳಗಿನ ವಗ್ಗರಣಿ-ಮಿರ್ಚಿಯೂ ಅದೇ ಲೆಕ್ಕ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಬೆಂದ ಮೂಳೆ, ಮಾವಿನ ಗೊರಟೆ ಯಾವುದೂ ಅದರ ಬಾಯಿಗೆ ಸಿಗದಂತೆ ನೋಡಿ.

ಪಕ್ಕೆಯ ಮೇಲೆ ಬೆರಳಾಡಿಸಿದಾಗ ಒತ್ತದೆಯೇ ಎಲುಬು ಸಿಗಬೇಕು. ಒತ್ತಿ ಹುಡುಕಬೇಕಾದರೆ ಊಟ ಹತ್ತನೇ ಒಂದು ಭಾಗ ಇಳಿಸಿ.

ಮರಿ ತರುವಾಗ

ಎಂಟು ವಾರ ತುಂಬದ ಮರಿಯನ್ನು ಮಾರುವುದಕ್ಕೆ 2017ರ ಕೇಂದ್ರ ನಿಯಮಗಳಲ್ಲೇ ಅವಕಾಶವಿಲ್ಲ. ತಾಯಿಯನ್ನು ನೋಡಿ, ಅದು ಗುರ್ ಎನ್ನುವ, ಅಡಗುವ ನಾಯಿಯಾಗಿದ್ದರೆ ಆ ಮರಿ ಬೇಡ. ತಂದೆ ತಾಯಿಗೆ ಕಣ್ಣಿನ ಪಿ.ಆರ್.ಎ. ಕಾಯಿಲೆ, ಇಂಗ್ಲಿಷ್ ಕಾಕರ್ ಆದರೆ ವಂಶವಾಹಿ ಮೂತ್ರಪಿಂಡದ ಕಾಯಿಲೆಯ ಡಿ.ಎನ್.ಎ. ಪರೀಕ್ಷೆ ಆಗಿದೆಯೇ ಕೇಳಿ. ಪಿ.ಆರ್.ಎ. ಇದ್ದ ನಾಯಿ ಮೊದಲು ಕತ್ತಲಲ್ಲಿ ಎಡವುತ್ತದೆ, ಕ್ರಮೇಣ ಪೂರ್ತಿ ಕುರುಡಾಗುತ್ತದೆ, ಅದಕ್ಕೆ ಮದ್ದಿಲ್ಲ.

ತರಲು ಒಳ್ಳೆಯ ಕಾಲ ದಸರಾದಿಂದ ದೀಪಾವಳಿ ಕಳೆದ ಮೇಲಿನ ಚಳಿಯವರೆಗೆ. ಏಪ್ರಿಲ್‌ನಲ್ಲಿ ತಂದ ಎಳೆಮರಿ ಪ್ರಯಾಣದ ದಣಿವು, ಭೇದಿ, ಬಿಸಿಲು ಮೂರನ್ನೂ ಒಟ್ಟಿಗೆ ತಡೆಯುವುದು ಕಷ್ಟ. ಚಳಿಗಾಲದಲ್ಲಿ ಬಂದ ಮರಿಗೆ ಬೇಸಿಗೆಯೊಳಗೆ ಲಸಿಕೆಗಳೆಲ್ಲ ಮುಗಿದಿರುತ್ತವೆ: ಆರರಿಂದ ಎಂಟನೇ ವಾರಕ್ಕೆ ಪಾರ್ವೊ, ಡಿಸ್ಟೆಂಪರ್ ಸೇರಿದ ಮೊದಲ ಡೋಸ್, ಹದಿನಾರನೇ ವಾರದವರೆಗೆ ಮೂರು ನಾಲ್ಕು ವಾರಕ್ಕೊಂದು, ಮೂರು ತಿಂಗಳಿಗೆ ರೇಬೀಸ್. ಭತ್ತದ ಸೀಮೆಯವರು ಲೆಪ್ಟೊಸ್ಪೈರಾ (ಇಲಿಜ್ವರ) ಲಸಿಕೆಯನ್ನೂ ಕೇಳಿ ಹಾಕಿಸಿ. ಲಸಿಕೆ ಮುಗಿಯುವವರೆಗೆ ಬೀದಿ ನೆಲಕ್ಕೆ ಇಳಿಸದೆ ಎತ್ತಿಕೊಂಡೇ ಸಂತೆ, ಬಸ್‌ಸ್ಟ್ಯಾಂಡಿನ ಸದ್ದು ತೋರಿಸಿ. ಇದೇ ವಾರಗಳಲ್ಲಿ ದಿನಾ ಎರಡು ನಿಮಿಷ ಅದರ ಕಿವಿ ಎತ್ತಿ, ಪಾದದ ಬೆರಳು ಬಿಡಿಸಿ, ತುಟಿ ಮಡಿಕೆ ತೆರೆದು, ಒಂದು ಚೂರು ತಿಂಡಿ ಕೊಟ್ಟು ಬಿಡಿ. ದೊಡ್ಡದಾದ ಮೇಲೆ ಕಿವಿ ತೊಳೆಯಲು ಇಬ್ಬರು ಹಿಡಿಯಬೇಕಾದ ಪಾಡು ಬರುವುದಿಲ್ಲ.